ದಿಂಬಂ ಘಟ್ಟದ ಕೈ

ದೀಪ ಸಣ್ಣಗೆ ಮಾಡಿ. ಪೂರ್ತಿ ಆರಿಸಬೇಡಿ... ಹಾಂ, ಅಷ್ಟಿರಲಿ.

ಇದು ನಮ್ಮ ಪಕ್ಕದ ಮನೆ ಪಿಳ್ಳಪ್ಪನಿಗೆ ಆದದ್ದು. ಎಲ್ಲೋ ಯಾರೋ ಹೇಳಿದ್ದಲ್ಲ. ಇದೇ ದೊಡ್ಡಬೆಳವಂಗಲದಲ್ಲಿ, ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆಯವನು. ಅವನೇ ಬಾಯಿಬಿಟ್ಟು ಹೇಳಿದ್ದು. ಅದೂ ಒಂದೇ ಸಲ.

ಎರಡನೇ ಮಹಾಯುದ್ಧ ಮುಗಿದು ಒಂದೂವರೆ ವರ್ಷ ಆಗಿತ್ತು. ಸಂಕ್ರಾಂತಿ ಕಳೆದು ಕಣದ ಕೆಲಸ ಎಲ್ಲ ತೀರಿತ್ತು. ಅವತ್ತು ರಾತ್ರಿ ಪಿಳ್ಳಪ್ಪ ದೊಡ್ಡಬಳ್ಳಾಪುರದಿಂದ ಊರಿಗೆ ನಡ್ಕೊಂಡು ಬರ್ತಿದ್ದ. ಎಂಟು ಮೈಲಿ. ಸೈಕಲ್ಲು ಪೇಟೆ ಅಂಗಡಿಯಲ್ಲಿ ಬಿಚ್ಚಿ ಹಾಕಿತ್ತು, ಎಣ್ಣೆ ಬಿಡೋಕೆ, ಬ್ರೇಕಿನ ರಬ್ಬರು ಬದಲಾಯಿಸೋಕೆ. ಇನ್ನು ನಾಲ್ಕು ದಿನಕ್ಕೆ ನೀಲಗಿರಿಗೆ ಹೊರಡಬೇಕಲ್ಲ, ಅದಕ್ಕೆ.

ಹೌದು, ನೀಲಗಿರಿಗೇ. ಸೈಕಲ್ಲಲ್ಲೇ! ಮೈಸೂರು ದಾಟಿ, ಗೂಡಲೂರು ಘಟ್ಟ ಹತ್ತಿ ಊಟಿ. ಊಟಿಯಿಂದ ಕೂನೂರು ಘಟ್ಟ ಇಳಿದು ಬಯಲುಸೀಮೆ. ಸತ್ಯಮಂಗಲದ ಹತ್ತಿರ ಮತ್ತೆ ದಿಂಬಂ ಘಟ್ಟ ಹತ್ತಿ, ಚಾಮರಾಜನಗರದ ಮೇಲೆ ವಾಪಸು. ಹನ್ನೊಂದು ದಿನದ ಸವಾರಿ. ಇದು ನರಸಿಂಹಯ್ಯ ಮೇಷ್ಟ್ರ ಆಸೆ. ದೊಡ್ಡಬಳ್ಳಾಪುರದ ಸ್ಕೂಲಲ್ಲಿ ಪಾಠ ಹೇಳ್ತಿದ್ದರು, ಸಾಯಂಕಾಲ ಗರಡಿ ಮನೇಲಿ ಹುಡುಗರಿಗೆ ಕಸರತ್ತು ಕಲಿಸ್ತಿದ್ದರು. ಯುದ್ಧದ ಉದ್ದಕ್ಕೂ ಗೋಡೆ ಮೇಲಿನ ಭೂಪಟದಲ್ಲಿ ಬೆರಳಿಟ್ಟು, "ಇದು ಮುಗೀಲಿ ಕಣ್ರೋ, ಹೋಗೇ ಹೋಗೋಣ" ಅಂತಿದ್ದರು. ಜೊತೆಗೆ ಹೊರಟವರು ಇಬ್ಬರು. ನಮ್ಮ ಪಿಳ್ಳಪ್ಪ. ಇನ್ನೊಬ್ಬ ಗಂಗಣ್ಣ.

ಈ ಗಂಗಣ್ಣ ಯಾರು ಅಂತ ಮೊದಲು ಹೇಳಬೇಕು. ಪಿಳ್ಳಪ್ಪನ ತಾಯಿ ಅಮ್ಮಯಮ್ಮ. ಅವಳ ಅಕ್ಕ ಲಕ್ಕಮ್ಮ ಗಂಗಣ್ಣನನ್ನ ಹೆತ್ತು ಎಂಟನೇ ದಿನಕ್ಕೆ ತೀರ್ಕೊಂಡಳು. ಅದಾದ ಇಪ್ಪತ್ತು ದಿನಕ್ಕೆ ಪಿಳ್ಳಪ್ಪ ಹುಟ್ಟಿದ. ಅಮ್ಮಯಮ್ಮ ಇಬ್ಬರಿಗೂ ಎದೆಹಾಲು ಕೊಟ್ಟು ಸಾಕಿದಳು. ಒಂದು ಮೊಲೆಗೆ ಒಬ್ಬೊಬ್ಬ. ತಾಯಿ ಇಲ್ಲದ ಕೂಸು ಅಂತ ಗಂಗನಿಗೆ ಮೊದಲು ಕುಡಿಸ್ತಿದ್ದಳಂತೆ. ಯಾರೋ ಮುದುಕಿ ಇದನ್ನ ಪಿಳ್ಳಪ್ಪನಿಗೆ ಹೇಳಿಬಿಟ್ಟಿದ್ದಳು, ಅವನು ಏಳೆಂಟು ವರ್ಷದವನಿದ್ದಾಗ. ಆವತ್ತಿಂದ ಅದು ಅವನ ಹೊಟ್ಟೆಯೊಳಗೆ ಕೂತಿತ್ತು.

ಸೈಕಲ್ಲು ಮೊದಲು ಕೊಂಡವನು ಪಿಳ್ಳಪ್ಪ. ಗಂಗನಿಗೆ ಹಿಂದೆ ಹಿಡ್ಕೊಂಡು ಕಲಿಸಿದವನೂ ಅವನೇ. ಮೂರು ತಿಂಗಳಾಗಿರಲಿಲ್ಲ, ನಂದಿ ರಸ್ತೆ ಏರಲ್ಲಿ ಗಂಗ ಅವನನ್ನ ಬಿಟ್ಟು ಮುಂದೆ ಹೋದ. ಹಿಂದಕ್ಕೆ ತಿರುಗಿ ಹಲ್ಲು ಕಿರಿದು, "ಬಾರ್ಲಾ ಪಿಳ್ಳ" ಅಂದ. ಅಷ್ಟೇ. ಕೆಟ್ಟದ್ದೇನೂ ಅನ್ನಲಿಲ್ಲ. ಅವನು ಯಾವತ್ತೂ ಕೆಟ್ಟದ್ದು ಅಂದವನೇ ಅಲ್ಲ. ಅದೇ ತಡೆಯೋಕಾಗ್ತಿರಲಿಲ್ಲ ಪಿಳ್ಳಪ್ಪನಿಗೆ.

ಸರಿ, ಆ ರಾತ್ರಿ. ಗರಡಿ ಮನೇಲಿ ಮಾತುಕತೆ ಮುಗಿದಾಗ ಮೇಷ್ಟ್ರು, "ಊರಿಗೆ ವಾಪಸು ಬರೋವಾಗ ಬಾವುಟ ಹಿಡ್ಕೊಂಡು ಮುಂದೆ ಗಂಗಣ್ಣ ಬರ್ತಾನೆ" ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಪಿಳ್ಳಪ್ಪನೂ ತಟ್ಟಿದ. ಆಮೇಲೆ ಮೇಷ್ಟ್ರು, "ಗಂಗಣ್ಣ, ಇವತ್ತು ನಮ್ಮನೇಲೇ ಉಳ್ಕೊ, ದಾರಿ ಲೆಕ್ಕ ಹಾಕೋಣ" ಅಂದರು. ಪಿಳ್ಳಪ್ಪನನ್ನ ಯಾರೂ ಉಳ್ಕೊ ಅನ್ನಲಿಲ್ಲ.

ಅರ್ಧ ದಾರಿಯಲ್ಲಿ ಒಂದು ಆಲದಮರ ಇತ್ತು. ಈಗಿಲ್ಲ, ರಸ್ತೆ ಅಗಲ ಮಾಡೋವಾಗ ಕಡಿದರು. ಬುಡದಲ್ಲಿ ಹಾಳು ಬಾವಿ. ಕತ್ತಲಲ್ಲಿ ಬಿಳಲುಗಳು ಒಂದಕ್ಕೊಂದು ತಾಗಿ... ಸರಕ್... ಸರಕ್... ಅಂತಿದ್ದವು. ಪಿಳ್ಳಪ್ಪನಿಗೆ ಅದ್ಯಾವುದರ ಮೇಲೂ ಗಮನ ಇರಲಿಲ್ಲ. ತಲೆ ಬಗ್ಗಿಸ್ಕೊಂಡು, ಒಬ್ಬನೇ ಗೊಣಗ್ತಾ ಬರ್ತಿದ್ದ. ಬಾವಿ ಕಟ್ಟೆ ಪಕ್ಕ ಬಂದಾಗ ಅಂದ:

"ಇವನೊಬ್ಬ ಇಲ್ದೇ ಹೋಗಿದ್ರೆ ಎಲ್ಲಾ ನಂದೇ ಆಗ್ತಿತ್ತು."

"ಹೂಂ..."

ಪಿಳ್ಳಪ್ಪ ನಿಂತ.

ಕತೆ ಕೇಳ್ತಾ ಕೂತೋರು ಹೂಂಗುಟ್ಟಲ್ವಾ, ಹಂಗೆ. ಹತ್ತಿರದಿಂದ. ಮೇಲಿಂದಲೋ, ಬಾವಿ ಒಳಗಿಂದಲೋ ಗೊತ್ತಾಗಲಿಲ್ಲ.

"ಯಾರು?"

ಕಾಲು ಎತ್ತಿ ಬಿರಬಿರನೆ ನಡೆದ. ಇಪ್ಪತ್ತು ಹೆಜ್ಜೆ ಹೋಗಿರಬೇಕು, ಹಿಂದೆ ಸದ್ದು... ಟಿಕಿ ಟಿಕಿ ಟಿಕಿ ಟಿಕಿ. ಪೆಡಲು ತುಳಿಯೋದು ಬಿಟ್ಟಾಗ ಸೈಕಲ್ಲಿನ ಹಿಂದಿನ ಚಕ್ರ ಮಾಡ್ತದಲ್ಲ, ಅದೇ. ಯಾರೋ ಸೈಕಲ್ಲಲ್ಲಿ ಬರ್ತಿದಾರೆ ಅಂತ ದಾರಿ ಬಿಟ್ಟು ಪಕ್ಕಕ್ಕೆ ನಿಂತ. ಸದ್ದೂ ನಿಂತಿತು. ನಡೆದರೆ ಮತ್ತೆ ಟಿಕಿ ಟಿಕಿ. ರಸ್ತೆ ಅಲ್ಲಿ ಏರು ಕಣ್ರಪ್ಪ. ಏರಲ್ಲಿ ತುಳಿಯದೇ ಯಾವ ಸೈಕಲ್ಲು ಬರ್ತದೆ?

ಊರ ಮುಂದಿನ ನಾಯಿಗಳು ಬೊಗಳಿದ ಮೇಲೆ ಸದ್ದು ಇರಲಿಲ್ಲ.

ಹೊರಡೋ ದಿನ ಅಮ್ಮಯಮ್ಮ ಇಬ್ಬರಿಗೂ ಹುರಿಹಿಟ್ಟು ಕಟ್ಟಿಕೊಟ್ಟಳು. ಕಂಬಳಿ ಕೊಟ್ಟಳು. ಪಿಳ್ಳಪ್ಪನ ತಲೆ ಸವರಿ, ಮಾತು ಮಾತ್ರ ಗಂಗನಿಗೆ ಹೇಳಿದಳು: "ಗಂಗಾ, ಪಿಳ್ಳನ್ನ ನೋಡ್ಕೊಳಪ್ಪಾ."

"ನಾನೇನು ಮಗೂನಾ?" ಅಂತ ಪಿಳ್ಳಪ್ಪ ಸಿಡುಕಿದ.

ಬೆಂಗಳೂರು, ಚನ್ನಪಟ್ಟಣ, ಮೈಸೂರು, ಗುಂಡ್ಲುಪೇಟೆ. ನಾಲ್ಕು ದಿನ ಏನೂ ಆಗಲಿಲ್ಲ. ಹೋದ ಊರಲ್ಲೆಲ್ಲ ಜನ ಸೈಕಲ್ಲಿನ ಸುತ್ತ ನಿಲ್ಲೋರು. "ಎಲ್ಲಿಂದ ಬಂದ್ರಪ್ಪಾ?" ಅನ್ನೋರು. ಮೇಷ್ಟ್ರು ಉತ್ತರ ಹೇಳ್ತಿದ್ದರೆ ಜನ ನೋಡ್ತಿದ್ದದ್ದು ಗಂಗನನ್ನ. ಆಳೇ ಹಾಗಿದ್ದ, ಎತ್ತರಕ್ಕೆ, ನಗುಮುಖ. ಪಿಳ್ಳಪ್ಪ ಪಕ್ಕದಲ್ಲಿ ಕೂತು ಟ್ಯೂಬಿಗೆ ತೇಪೆ ಹಾಕ್ತಿರೋನು.

ಐದನೇ ದಿನ ಗೂಡಲೂರಿನಿಂದ ಮೇಲಕ್ಕೆ. ಅದು ಏರಲ್ಲ, ಗೋಡೆ! ತಿರುವಿನ ಮೇಲೆ ತಿರುವು. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಏನೂ ಇಲ್ಲ. ಮೋಡ ರಸ್ತೆ ಮೇಲೇ ಕೂತಿತ್ತು. ಸ್ವಲ್ಪ ದೂರ ತುಳಿಯೋದು, ಉಸಿರು ಕಟ್ಟಿದಾಗ ಇಳಿದು ನೂಕೋದು. ಗಂಗ ಮಾತ್ರ ಇಳಿಯಲಿಲ್ಲ. ಎದ್ದು ನಿಂತು ತುಳೀತಾ ಮೋಡದೊಳಗೆ ಹೋಗಿಬಿಟ್ಟ. ಮೇಷ್ಟ್ರು ಎಲ್ಲೋ ಹಿಂದೆ ಉಳಿದಿದ್ದರು. ಪಿಳ್ಳಪ್ಪನ ತೊಡೆ ಉರೀತಿತ್ತು, ಅದಕ್ಕಿಂತ ಹೆಚ್ಚಾಗಿ ಎದೆ ಉರೀತಿತ್ತು.

ಆಗ ಬೆನ್ನ ಮೇಲೆ ಒಂದು ಕೈ ಬಂತು.

ಸೊಂಟದಿಂದ ಸ್ವಲ್ಪ ಮೇಲೆ. ಅಂಗೈ ಪೂರ್ತಿ. ಏರಲ್ಲಿ ಜೊತೆಗಾರ ಸೋತರೆ ಒಬ್ಬರಿಗೊಬ್ಬರು ಹಾಗೆ ಕೈ ಕೊಟ್ಟು ನೂಕ್ತಾರೆ. ಮೇಷ್ಟ್ರು ಬಂದರು ಅಂದ್ಕೊಂಡ. "ಬೇಡಿ ಮೇಷ್ಟ್ರೇ, ನಿಮಗೂ ಸುಸ್ತು" ಅಂದ. ಕೈ ತೆಗೀಲಿಲ್ಲ. ಸೈಕಲ್ಲು ಹಗುರ ಆಯ್ತು. ಪೆಡಲು ತಾನಾಗಿ ತಿರುಗ್ತಾ ಇತ್ತು. ಆಮೇಲೆ ಒಂದು ವಿಷಯ ಗೊತ್ತಾಯ್ತು... ಆ ಕೈ ತಣ್ಣಗಿತ್ತು. ಬಾವಿ ಕಲ್ಲು ಮುಟ್ಟಿದ ಹಾಗೆ. ಅಂಗಿ, ಅದರ ಮೇಲೆ ಹಳೇ ಕೋಟು, ಎರಡನ್ನೂ ದಾಟಿ ತಣ್ಣಗೆ.

ತಿರುಗಿ ನೋಡಿದ. ಮೋಡ. ಬರೀ ಮೋಡ.

ಟಿಕಿ ಟಿಕಿ ಟಿಕಿ ಟಿಕಿ...

ಇಳಿದು ಓಡಿಹೋಗಬಹುದಿತ್ತು. ಅವನೇ ನನಗೆ ಹೇಳಿದ, "ಇಳಿದುಬಿಡಬೇಕಿತ್ತು ಕಣಪ್ಪಾ" ಅಂತ. ಆದರೆ ಎದುರಿಗೆ ಮೋಡದಲ್ಲಿ ಗಂಗನ ಬೆನ್ನು ಕಂಡಿತು. ಹತ್ತಿರ ಆಗ್ತಾ ಆಗ್ತಾ... ಪಕ್ಕಕ್ಕೆ ಬಂತು... ಹಿಂದಕ್ಕೆ ಹೋಯ್ತು. ಹುಟ್ಟಿದಾಗಿನಿಂದ ಮೊದಲ ಸಲ ಗಂಗ ಅವನ ಹಿಂದೆ. ಪಿಳ್ಳಪ್ಪ ಇಳೀಲಿಲ್ಲ.

ನಡುವಟ್ಟಂ ಅಂತ ಊರು, ಘಟ್ಟದ ನೆತ್ತಿ ಮೇಲೆ. ಅಲ್ಲಿ ಅರ್ಧ ಗಂಟೆ ಕಾದ ಮೇಲೆ ಗಂಗ ಬಂದ. ಮುಖ ಕೆಂಪಗೆ, ಏದುಸಿರು. ಬಂದವನೇ ಅಪ್ಪಿಕೊಂಡ.

"ಭೇಷ್ ಕಣ್ಲಾ ಪಿಳ್ಳ! ಎಲ್ಲಿ ಬಚ್ಚಿಟ್ಟಿದ್ಯೋ ಇಷ್ಟು ದಿನ ಈ ಕಾಲ್ನ?"

ಹೊಟ್ಟೆಕಿಚ್ಚು ಪಡಲಿ ಅಂತ ಕಾದಿದ್ದ ಪಿಳ್ಳಪ್ಪ. ಗಂಗ ಖುಷಿ ಪಟ್ಟ. ಗೆದ್ದದ್ದೂ ಹಾಳಾಯ್ತು.

ಆ ರಾತ್ರಿ ಊಟಿಯ ಒಂದು ಛತ್ರದಲ್ಲಿ ಮಲಗಿದರು. ಹೊರಗೆ ಹುಲ್ಲಿನ ಮೇಲೆ ಹಿಮ ಉಪ್ಪು ಚೆಲ್ಲಿದಂಗೆ ಬಿದ್ದಿತ್ತು. ಮೇಷ್ಟ್ರಿಗೆ ಕೆಮ್ಮು ಶುರುವಾಗಿತ್ತು. ಗಂಗ ತನ್ನ ಕಂಬಳೀನ ಅವರಿಗೆ ಹೊದಿಸಿ, ತಾನು ಗೋಣಿಚೀಲ ಹೊದ್ದು ನಿದ್ದೆ ಹೋದ. ಬೆಂಕಿಪೆಟ್ಟಿಗೆ ಬೇಕಾಗಿ ಪಿಳ್ಳಪ್ಪ ಗಂಗನ ಚೀಲಕ್ಕೆ ಕೈ ಹಾಕಿದ. ತಳದಲ್ಲಿ ಒಂದು ಗಂಟು. ಅವ್ವನ ಹಳೇ ಸೀರೆ ಚೂರು. ಬಿಚ್ಚಿದ. ಎಳ್ಳುಂಡೆ, ಹತ್ತು ಹನ್ನೆರಡು. ತನ್ನ ಚೀಲದಲ್ಲಿ ಒಂದೂ ಇರಲಿಲ್ಲ.

ಮತ್ತೆ ಹಾಗೇ ಕಟ್ಟಿಟ್ಟ. ಗೋಡೆ ಕಡೆ ತಿರುಗಿ ಮಲಗಿದ. ಕಣ್ಣಲ್ಲಿ ನೀರು ಬಂತು ಅಂತ ಹೇಳ್ಕೊಂಡ ನನ್ನ ಹತ್ತಿರ. ಇಪ್ಪತ್ತೆರಡು ವರ್ಷದ ಗಂಡಸು, ಎಳ್ಳುಂಡೆಗೆ.

ದೀಪ ಆರಿತ್ತು. ಎಲ್ಲರ ಗೊರಕೆ. ಅದರ ನಡುವೆ ಕಿವಿ ಪಕ್ಕದಲ್ಲಿ, ಗೋಡೆ ಕಡೆಯಿಂದ:

"ಸಾಕಾ?"

ಕೂಗೋಣ ಅಂದರೆ ನಾಲಗೆ ಏಳ್ತಿಲ್ಲ. ಆದರೆ ಕೇಳಿದ್ದಕ್ಕೆ ಉತ್ತರ ಮಾತ್ರ ಬಾಯಿಂದ ತಾನೇ ಬಂತು. ಪಿಸುಮಾತಲ್ಲಿ.

"ಸಾಲ್ದು."

"ಹೂಂ..."

ಅಷ್ಟೇ ಮಾತು. ಬೆಳಗಾಯ್ತು.

ಕೂನೂರು ಘಟ್ಟ ಇಳಿದು ಮೇಟುಪಾಳ್ಯ. ಅಲ್ಲಿಂದ ಬಿಸಿಲಲ್ಲಿ ಸತ್ಯಮಂಗಲ. ಅಷ್ಟು ಹೊತ್ತಿಗೆ ಮೇಷ್ಟ್ರಿಗೆ ಮೈ ಸುಡೋ ಜ್ವರ. ದಿಂಬಂ ಘಟ್ಟದ ಬುಡಕ್ಕೆ ಬಂದಾಗ ಅವರಿಗೆ ಹ್ಯಾಂಡಲ್ಲು ಹಿಡಿಯೋಕೂ ಶಕ್ತಿ ಇಲ್ಲ. ಪೆಟ್ರೋಲಿಗೆ ಇನ್ನೂ ಕಟ್ಟುನಿಟ್ಟು ಇದ್ದ ಕಾಲ, ಬಸ್ಸುಗಳು ಇದ್ದಿಲು ಸುಟ್ಟ ಗ್ಯಾಸಲ್ಲಿ ಓಡ್ತಿದ್ದವು. ಅಂಥದೊಂದು ಬಸ್ಸು ಗುಸ್ ಗುಸ್ ಅಂತ ಬಂತು. ಮೇಷ್ಟ್ರನ್ನ ಹತ್ತಿಸಿ, ಅವರ ಸೈಕಲ್ಲನ್ನ ಮೇಲೆ ಕಟ್ಟಿದರು. ಇವರಿಬ್ಬರಿಗೆ ಜಾಗ ಇರಲಿಲ್ಲ.

"ಘಟ್ಟದ ಮೇಲೆ ಒಂದು ಹೋಟ್ಲಿದೆಯಂತೆ, ಅಲ್ಲಿರ್ತೀನಿ. ನೀವು ಇವತ್ತು ಇಲ್ಲೇ ಗುಡಿ ಹತ್ರ ಮಲಗಿ, ಬೆಳಿಗ್ಗೆ ಬನ್ರೋ" ಅಂದರು ಮೇಷ್ಟ್ರು.

ಬಸ್ಸು ಹೋಯ್ತು. ಹೊತ್ತು ಇಳೀತಿತ್ತು. ಗುಡಿ ಮುಂದೆ ಹೂ ಮಾರ್ತಿದ್ದ ಒಬ್ಬ ಮುದುಕಿ ಇದ್ದಳು. ತಮಿಳು ಬೆರೆತ ಕನ್ನಡದಲ್ಲಿ, "ಆನೆ ಇಳಿಯೋ ಹೊತ್ತು, ಹೋಗಬೇಡಿ ಮಕ್ಕಳೇ" ಅಂದಳು. ಆಮೇಲೆ ಪಿಳ್ಳಪ್ಪನ ಹಿಂದಕ್ಕೆ ನೋಡಿ ಕೇಳಿದಳು, "ಅವನೂ ನಿಮ್ಮೋನಾ?"

ಪಿಳ್ಳಪ್ಪ ತಿರುಗಿ ನೋಡಲಿಲ್ಲ. ಗಂಗ ನಕ್ಕು, "ನಾವು ಇಬ್ಬರೇ ಅಜ್ಜಿ" ಅಂದ.

ಮುದುಕಿ ಹೂವಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.

"ಬೆಳಿಗ್ಗೆ ಹೋಗಾಣ ಕಣ್ಲಾ" ಅಂದ ಗಂಗ.

"ಯಾಕೆ, ಸೋಲ್ತೀಯ ಅಂತ ಭಯಾನಾ?"

"ಸೋಲೇನು ಗೆಲುವೇನು ನಮ್ಮಿಬ್ರಲ್ಲಿ?"

"ಮೇಷ್ಟ್ರು ಮೇಲೆ ಒಬ್ರೇ ಇದಾರೆ, ಜ್ವರದಲ್ಲಿ."

ಗಂಗನಿಗೆ ಅದು ತಾಗಿತು. ಒಪ್ಪಿದ. ಅವನು ಒಪ್ತಾನೆ ಅಂತ ಗೊತ್ತಿದ್ದೇ ಪಿಳ್ಳಪ್ಪ ಆ ಮಾತು ಅಂದದ್ದು.

ದೀಪ ಇದ್ದದ್ದು ಒಂದೇ, ಗಂಗನ ಸೈಕಲ್ಲಿಗೆ. ಸೀಮೆಎಣ್ಣೆ ದೀಪ. ಇಪ್ಪತ್ತೇಳು ತಿರುವು ಆ ಘಟ್ಟದಲ್ಲಿ. ಐದಾರು ತಿರುವು ಜೊತೆಯಾಗಿ ಹತ್ತಿದರು. ಕತ್ತಲಾಯ್ತು. ಬಿದಿರು ಕೀರ್... ಅಂತ ಒಂದನ್ನೊಂದು ಉಜ್ಜೋದು. ಎಲ್ಲೋ ಕೆಳಗೆ ಕೊಂಬೆ ಮುರಿದ ಸದ್ದು... ಲಟಕ್. ಜೀರುಂಡೆ ಕೂಗ್ತಿದ್ದದ್ದು ಇದ್ದಕ್ಕಿದ್ದಂಗೆ ನಿಲ್ಲೋದು, ಮತ್ತೆ ಶುರುವಾಗೋದು.

ಹತ್ತನೇ ತಿರುವು ದಾಟಿದ ಮೇಲೆ ಗಂಗ ಮುಂದೆ ಹೋದ. ಬೇಕಂತ ಅಲ್ಲ. ಅವನ ಕಾಲಿನ ಲಯವೇ ಹಾಗೆ. ಪಿಳ್ಳಪ್ಪನ ಕಣ್ಣಿಗೆ ಕಾಣ್ತಿದ್ದದ್ದು ಮೇಲೆ ಮೇಲೆ ಹೋಗೋ ಒಂದು ಹಳದಿ ಚುಕ್ಕೆ. ಇವನ ತೊಡೆ ಸತ್ತುಹೋಗಿತ್ತು. ಮತ್ತೆ ಇವತ್ತೂ ಅವನೇ. ಅವ್ವನ ಎದೆಗೆ ಮೊದಲು ಬಿದ್ದೋನೂ ಅವನೇ, ಎಳ್ಳುಂಡೆನೂ ಅವನಿಗೇ, ಬಾವುಟನೂ ಅವನಿಗೇ...

ಟಿಕಿ ಟಿಕಿ ಟಿಕಿ.

ಬಂತು. ಪಕ್ಕದಲ್ಲೇ. ಪಿಳ್ಳಪ್ಪ ಕಣ್ಣು ಮುಚ್ಚಿಕೊಂಡು ತುಳಿದ.

"ತಳ್ಳಲಾ?"

ಬೆನ್ನಿಗೆ ಆ ಕೈ ಬರ್ತದೆ ಅಂತ ಅವನು ಬೆನ್ನನ್ನ ಸ್ವಲ್ಪ ಬಾಗಿಸಿ ಕೊಟ್ಟ. ಹಲ್ಲು ಕಚ್ಚಿ ಅಂದ:

"ತಳ್ಳು."

"ಹೂಂ..."

ಕೈ ಬರಲಿಲ್ಲ.

ಕಾದ. ಬರಲಿಲ್ಲ. ಬದಲಿಗೆ ಆ ಸದ್ದು ಅವನನ್ನ ದಾಟಿ ಮುಂದಕ್ಕೆ ಹೋಯ್ತು... ಟಿಕಿ ಟಿಕಿ ಟಿಕಿ... ಏರಲ್ಲಿ... ವೇಗವಾಗಿ... ಹಳದಿ ಚುಕ್ಕೆ ಕಡೆಗೆ.

ಆಗ ಅರ್ಥ ಆಯ್ತು ಅವನಿಗೆ, ತಾನು ಯಾರನ್ನ ತಳ್ಳು ಅಂದೆ ಅಂತ.

"ಗಂಗಾ!" ಅಂತ ಕಿರುಚಿದ. "ಗಂಗಾ, ನಿಲ್ಸೋ!"

ಮೇಲಿಂದ ಗಂಗ ನಕ್ಕ ಸದ್ದು ಕೇಳಿಸಿತು. ಸಣ್ಣ ನಗು, ಯಾರೋ ಕಚಗುಳಿ ಇಟ್ಟಾಗ ನಗ್ತಾರಲ್ಲ, ಹಾಗೆ. ಮರುಕ್ಷಣ ಆ ಹಳದಿ ಚುಕ್ಕೆ ರಸ್ತೆ ಬಿಟ್ಟು ಗಾಳೀಲಿ ಅರ್ಧ ಚಂದ್ರದ ಹಾಗೆ ಹೊರಳಿತು. ಆರಿತು. ಧಡ್. ಕಬ್ಬಿಣ ಕಲ್ಲಿಗೆ ಬಡಿದ ಸದ್ದು. ಆಮೇಲೆ ಜಲ್ಲಿ ಗರಗರ ಗರಗರ ಅಂತ ಉರುಳ್ತಾ... ಉರುಳ್ತಾ... ಎಷ್ಟೋ ಹೊತ್ತು.

ಆಮೇಲೆ ಏನೂ ಇಲ್ಲ.

ಪಿಳ್ಳಪ್ಪ ಸೈಕಲ್ಲು ನೂಕ್ಕೊಂಡು ಆ ತಿರುವಿಗೆ ಓಡಿದ. ಅಂಚಲ್ಲಿ ನಿಂತು ಕೂಗಿದ. ಕೆಳಗೆ ಕಣ್ಣು ಕಾಣದ ಕತ್ತಲು. ಆಗ ಕಿವಿ ಹತ್ತಿರ, ಬಲು ಮೆಲ್ಲಗೆ, ಒಳ್ಳೇದು ಹೇಳೋರ ಹಾಗೆ:

"ಬಾ. ಈಗ ಮುಂದೆ ಯಾರೂ ಇಲ್ಲ."

ಈಗ ಆ ತಣ್ಣನೆ ಕೈ ಬೆನ್ನಿಗೆ ಬಂತು. ಮೇಲಕ್ಕೆ, ರಸ್ತೆ ಕಡೆ ನೂಕ್ತಿತ್ತು. ಹೋಗಿಬಿಡಬಹುದಿತ್ತು. ಗಂಗ ಜಾರಿ ಬಿದ್ದ ಅಂತ ಹೇಳಿದ್ದರೆ ಯಾರು ಇಲ್ಲ ಅಂತಿದ್ದರು? ಪಿಳ್ಳಪ್ಪ ಸೈಕಲ್ಲನ್ನ ಮೈಲಿಗಲ್ಲಿಗೆ ಒರಗಿಸಿದ. ಅಂಚಲ್ಲಿ ಕೂತು, ಬೆನ್ನು ಮಣ್ಣಿಗೆ ಕೊಟ್ಟು, ಕೆಳಕ್ಕೆ ಜಾರಿದ.

ಮುಳ್ಳು, ಲಂಟಾನ, ಕಲ್ಲು. ಕೈಯೆಲ್ಲ ಹರೀತು. ಇಪ್ಪತ್ತು ಮೂವತ್ತು ಅಡಿ ಕೆಳಗೆ ಒಂದು ಬಿದಿರು ಮೆಳೆ ಇತ್ತು. ಅದರಲ್ಲಿ ಏನೋ ನರಳಿತು.

"ಪಿಳ್ಳ..."

ಗಂಗ. ಬಿದಿರು ಅವನನ್ನ ಹಿಡಿದಿಟ್ಟಿತ್ತು. ಸೈಕಲ್ಲು ಅದನ್ನೂ ದಾಟಿ ಪಾತಾಳಕ್ಕೆ ಹೋಗಿತ್ತು. ತಡವಿ ನೋಡಿದರೆ ಬಲಗಾಲು ಮೊಣಕಾಲಿನ ಕೆಳಗೆ ಮುರಿದು ಸೊಟ್ಟ ತಿರುಗಿತ್ತು. ಪಿಳ್ಳಪ್ಪ ತನ್ನ ಪಂಚೆ ಹರಿದು, ಬಿದಿರಿನ ಸೀಳು ಇಟ್ಟು ಕಟ್ಟಿದ. ಗಂಗನ ಹೆಗಲಲ್ಲಿ ಚೀಲ ಇನ್ನೂ ನೇತಾಡ್ತಿತ್ತು. ಗಂಗ ಅದರಲ್ಲಿ ಕೈ ಆಡಿಸಿ ಒಂದು ಗಂಟು ತೆಗೆದ.

"ತಿನ್ನು. ಶಕ್ತಿ ಬರ್ತದೆ. ನಿನ್ನವೇ."

"ಏನು?"

"ಎಳ್ಳುಂಡೆ. ಅವ್ವ ನಿನಗೆ ಅಂತ ಮಾಡಿದ್ದು. ಪಿಳ್ಳನ ಕೈಗೆ ಕೊಟ್ರೆ ಬೆಂಗ್ಳೂರು ದಾಟೋದ್ರೊಳಗೆ ಖಾಲಿ ಮಾಡ್ತಾನೆ, ಕೊನೇ ಘಟ್ಟದಲ್ಲಿ ಕೊಡು ಅಂದ್ಲು. ನಾನು ಒಂದೂ ಮುಟ್ಟಿಲ್ಲ ಕಣ್ಲಾ."

ಪಿಳ್ಳಪ್ಪ ಒಂದು ಉಂಡೆ ಬಾಯಿಗೆ ಹಾಕ್ಕೊಂಡ. ನುಂಗೋಕೆ ಆಗಲಿಲ್ಲ. ಉಗುಳೋಕೂ ಆಗಲಿಲ್ಲ.

ಗಂಗನನ್ನ ಬೆನ್ನಿಗೆ ಹಾಕಿಕೊಂಡು ಹತ್ತಿದ. ಬೇರು ಹಿಡಿದು, ಕಲ್ಲು ಹಿಡಿದು, ಒಂದೊಂದೇ ಗೇಣು. ಈಗ ಆ ಕೈ ನೂಕ್ತಿರಲಿಲ್ಲ. ಕಾಲು ಹಿಡಿದು ಕೆಳಕ್ಕೆ ಎಳೀತಿತ್ತು. ಮೂರು ಸಲ ಜಾರಿದ. ಮೂರನೇ ಸಲ ಕಿವೀಲಿ ಕೇಳಿಸಿತು: "ಬಿಡು ಅವನ್ನ... ಬಿಡು..."

ಪಿಳ್ಳಪ್ಪ ಕತ್ತಲಿಗೆ ಹೇಳಿದ, ಅಳ್ತಾ: "ನಂಗೆ ಬೇಡ. ಅವನೇ ಮುಂದಿರ್ಲಿ. ಯಾವಾಗ್ಲೂ ಅವನೇ ಇರ್ಲಿ. ಬೇಡ ನಂಗೆ."

ಕಾಲು ಹಗುರಾಯ್ತು. "ಹೂಂ" ಅನ್ನಲಿಲ್ಲ ಈ ಸಲ.

ರಸ್ತೆಗೆ ಬಂದರು. ಗಂಗನನ್ನ ಸೈಕಲ್ಲಿನ ಸೀಟಿನ ಮೇಲೆ ಕೂರಿಸಿ, ಮುರಿದ ಕಾಲನ್ನ ಹ್ಯಾಂಡಲ್ಲಿಗೆ ಎತ್ತಿ ಕಟ್ಟಿ, ಪಿಳ್ಳಪ್ಪ ಹಿಂದಿನಿಂದ ನೂಕಿದ. ಇನ್ನೂ ಒಂಬತ್ತು ತಿರುವು ಇತ್ತು. ಒಂದು ತಿರುವು ದಾಟಿದ ಮೇಲೆ ಗಂಗ ಮೆಲ್ಲಗೆ ಕೇಳಿದ.

"ಪಿಳ್ಳ... ಬೆನ್ನ ಮೇಲೆ ಕೈ ಇಟ್ಟೋನು ನೀನಲ್ವಾ?"

ಪಿಳ್ಳಪ್ಪ ನಿಂತುಬಿಟ್ಟ.

"ನೀನೇ ಅಂದ್ಕೊಂಡೆ. ನನ್ನ ನೂಕೋಕೆ ಬಂದ, ಹುಚ್ಚ ಅಂತ ನಗು ಬಂತು. ಆಮೇಲೆ ಒಂದೇ ಸಲ..."

ಇಲ್ಲ ಅಂದರೆ ಯಾರು ಅಂತಾನೆ. ಆ ಕಾಡಲ್ಲಿ ಇನ್ಯಾರಿದ್ದರು? ಪಿಳ್ಳಪ್ಪನಿಗೆ ಸುಳ್ಳು ಹೇಳೋಕೆ ಬಾಯಿ ಬರಲಿಲ್ಲ.

"ಕೈ ನಂದಲ್ಲ ಗಂಗಾ. ಅವ್ವನಾಣೆ ನಂದಲ್ಲ. ಆದ್ರೆ... ತಳ್ಳು ಅಂದೋನು ನಾನೇ."

ಎರಡು ತಿರುವು ಹೋದವು. ಸೈಕಲ್ಲಿನ ಚೈನು ಕಿರ್ ಕಿರ್ ಅಂತಿತ್ತು, ಜಲ್ಲಿ ಚಕ್ರದ ಕೆಳಗೆ ಕರಕರ ಅಂತಿತ್ತು. ಪಿಳ್ಳಪ್ಪನಿಗೆ ಮುಂದಿದ್ದವನ ಬೆನ್ನು ಮಾತ್ರ ಕಾಣ್ತಿತ್ತು, ಮುಖ ಕಾಣ್ತಿರಲಿಲ್ಲ. ಆ ಬೆನ್ನನ್ನೇ ನೋಡ್ತಾ ನೂಕಿದ. ಕೊನೆಗೆ ಗಂಗ ಅಂದ:

"ಕಾಲು ನೋಯ್ತದೆ. ಸ್ವಲ್ಪ ಮೆಲ್ಲಗೆ ತಳ್ಳು."

ಅಷ್ಟೇ. ಅದಕ್ಕಿಂತ ಹೆಚ್ಚು ಯಾವತ್ತೂ ಅನ್ನಲಿಲ್ಲ.

ಬೆಳ್ಳಿ ಮೂಡೋ ಹೊತ್ತಿಗೆ ಘಟ್ಟದ ನೆತ್ತಿ ಸೇರಿದರು. ಮೇಷ್ಟ್ರು ಕಂಬಳಿ ಹೊದ್ದು ಲಾಟೀನು ಹಿಡಿದು ರಸ್ತೇಲೇ ನಿಂತಿದ್ದರು. "ಏನ್ರೋ ಇದು!" ಅಂತ ಓಡಿ ಬಂದರು. ಪಿಳ್ಳಪ್ಪ ಬಾಯಿ ತೆಗೆಯೋಕೆ ಮುಂಚೆ ಗಂಗ ಹೇಳಿದ, "ಜಲ್ಲಿ ಮೇಲೆ ಚಕ್ರ ಜಾರ್ತು ಮೇಷ್ಟ್ರೇ. ಪಿಳ್ಳ ಇಲ್ದಿದ್ರೆ ಸತ್ತೋಗಿರ್ತಿದ್ದೆ."

ಬಸ್ಸಲ್ಲಿ ಚಾಮರಾಜನಗರ. ಆಸ್ಪತ್ರೆಯಲ್ಲಿ ಕಾಲು ಕಟ್ಟಿಸಿ, ಎಂಟು ದಿನ ಬಿಟ್ಟು ರೈಲಲ್ಲಿ ಊರಿಗೆ ಬಂದರು. ದೊಡ್ಡಬಳ್ಳಾಪುರ ಸ್ಟೇಷನ್ನಿಗೆ ಗರಡಿ ಮನೆಯವರೆಲ್ಲ ಬಂದಿದ್ದರು. ಹಾರ ಹಾಕಿದ್ದು ಪಿಳ್ಳಪ್ಪನಿಗೆ! ಆಳೆತ್ತರದ ಹಾರ. ಹೆಗಲ ಮೇಲೆ ಹೊತ್ತು ಮೆರೆಸಿದರು. "ತಮ್ಮ ಅಂದ್ರೆ ಇವನಪ್ಪಾ" ಅಂದರು. ಗರಡಿಯ ಹಿರಿಯ ಬೈಲಪ್ಪ ಎಲ್ಲರ ಮುಂದೆ ಅವನ ಬೆನ್ನು ತಟ್ಟೋಕೆ ಕೈ ಎತ್ತಿದ. ಪಿಳ್ಳಪ್ಪ ಚೀರಿ ಪಕ್ಕಕ್ಕೆ ಹಾರಿಬಿಟ್ಟ. ಸುಸ್ತಾಗಿದಾನೆ ಪಾಪ ಅಂದರು ಜನ.

ಹುಟ್ಟಿದಾಗಿನಿಂದ ಬೇಕು ಬೇಕು ಅಂದಿದ್ದೆಲ್ಲ ಆವತ್ತು ಒಂದೇ ದಿನ ಬಂತು. ಒಂದನ್ನೂ ಅನುಭವಿಸೋಕೆ ಆಗಲಿಲ್ಲ ಅವನಿಗೆ. ಜನ ಹೊಗಳಿದಷ್ಟೂ ತಲೆ ತಗ್ಗಿಸೋನು. ಗಂಗಣ್ಣನಿಗೆ ಕಾಲು ಕೂಡಿಕೊಂಡಿತು, ಸ್ವಲ್ಪ ಕುಂಟು ಉಳೀತು. ಮದುವೆ ಆಯ್ತು, ಮಕ್ಕಳಾದರು. ಇಬ್ಬರೂ ಒಂದೇ ಜಗಲಿ ಮೇಲೆ ಕೂತು ಎಲೆಅಡಿಕೆ ಹಾಕ್ಕೊಳ್ಳೋರು, ಕೊನೇವರೆಗೂ. ಆ ರಾತ್ರಿ ಮಾತು ಮಾತ್ರ ಎತ್ತಲಿಲ್ಲ. ಕೈ ನಂದಲ್ಲ ಅಂದದ್ದನ್ನ ಗಂಗಣ್ಣ ನಂಬಿದನೋ, ಅಥವಾ ಕೈ ಪಿಳ್ಳಪ್ಪನದೇ ಅಂತ ಮನಸ್ಸಲ್ಲಿ ಇಟ್ಟುಕೊಂಡು ಕ್ಷಮಿಸಿದನೋ... ಪಿಳ್ಳಪ್ಪನಿಗೆ ಗೊತ್ತಾಗಲಿಲ್ಲ. ಅದೇ ಅವನನ್ನ ತಿಂತಿತ್ತು. ಗಂಗಣ್ಣ ತೀರ್ಕೊಂಡ ಹನ್ನೊಂದನೇ ದಿನ ರಾತ್ರಿ, ಇದೇ ಜಾಗದಲ್ಲಿ ಕೂತು ನನಗೆ ಹೇಳಿದ.

ಸುಳ್ಳು ಅನ್ನೋರು ಅನ್ನಲಿ. ಆದದ್ದು ಆದದ್ದೇ.

ಆ ಸೈಕಲ್ಲು ಈಗಲೂ ಅವರ ದನದ ಕೊಟ್ಟಿಗೇಲಿ ಗೋಡೆಗೆ ಒರಗಿಕೊಂಡಿದೆ. ಸ್ಟೇಷನ್ನಿಂದ ತಂದು ಅಲ್ಲಿಟ್ಟ ಮೇಲೆ ಯಾರೂ ಹತ್ತಿಲ್ಲ. ಸೀಟು ಇಲಿ ತಿಂದಿದೆ, ಚೈನು ತುಕ್ಕು ಹಿಡಿದು ಒಂದೇ ಕಡ್ಡಿ ಆಗಿದೆ, ಪಂಪು ಎಂದೋ ಕಳೆದುಹೋಗಿದೆ. ಆದರೆ ಎರಡು ಟೈರಲ್ಲೂ ಗಾಳಿ ಇದೆ. ಇವತ್ತು ಸಾಯಂಕಾಲ ನಾನೇ ಹೆಬ್ಬೆಟ್ಟಲ್ಲಿ ಒತ್ತಿ ನೋಡ್ಕೊಂಡು ಬಂದೆ. ಕಲ್ಲಿನ ಹಾಗಿದೆ.